ಬಳೆ ತೊಡಿಸಿದ ಹಾಗೆ ಟೈರು ತೊಡಿಸುವುದು

ಕಳೆದ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆದಿದ್ದೆನಷ್ಟೆ. ಅದಕ್ಕೆ ಬಂದ ಕಾಗದಗಳ ನಡುವೆ ಒಂದು ಕಾಗದ ಮಾತ್ರ ಹಪ್ಪಳದ ಸುದ್ದಿಯನ್ನೇ ಎತ್ತಿರಲಿಲ್ಲ. ಕೊಪ್ಪದ ಕಡೆಯ ಸೋದರಿಯೊಬ್ಬರು ಬರೆದದ್ದು. "ಅಕ್ಕಾ, ಹಿಂದೊಮ್ಮೆ ನೀವು ಜೀಪಿನ ಟೈರು ನಾನೇ ಹಾಕ್ಕೊಂಡೆ ಅಂತ ಒಂದು ಸಾಲು ಬರೆದು ಸುಮ್ಮನಾಗಿಬಿಟ್ಟಿರಿ. ನಮ್ಮ ಮನೆಯಲ್ಲೂ ಹಳೇ ಜೀಪಿದೆ. ಇವರು ವಾರದಲ್ಲಿ ಐದು ದಿನ ಊರಲ್ಲಿರೋದಿಲ್ಲ. ಪಂಕ್ಚರ್ ಅಂಗಡಿ ಹದಿನಾಲ್ಕು ಮೈಲಿ. ಹೇಗೆ ಹಾಕಿದಿರಿ ಹೇಳಿ" ಅಂತ ಕೇಳಿದ್ದಾರೆ.

ಅಡಿಗೆ ಪುಟದ ಪಕ್ಕದಲ್ಲಿ ಟೈರಿನ ಮಾತೇ ಅಂತ ನೀವು ನಗಬಹುದು. ನಗಿ, ಬೇಡ ಅನ್ನೋದಿಲ್ಲ. ಆದರೆ ಮಲೆನಾಡಿನ ಒಳಗಿನ ಮನೆಗಳಲ್ಲಿ ಇರುವವರಿಗೆ ಗೊತ್ತು, ಗ್ಯಾಸ್ ಸಿಲಿಂಡರ್ ತರೋದಕ್ಕೂ ಜೀಪೇ, ಬಾಣಂತಿಯನ್ನು ಕರೆತರೋದಕ್ಕೂ ಜೀಪೇ. ಆ ಜೀಪು ನಿಂತರೆ ಮನೆ ನಿಂತ ಹಾಗೆ.

ನಾನು ಇದನ್ನು ಖುಷಿಗೆ ಕಲಿತವಳಲ್ಲ. 2019ರ ಆಗಸ್ಟ್ ನೆನಪಿದೆಯಲ್ಲ, ಆಶ್ಲೇಷ ಮಳೆ ಹುಯ್ದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿದ ವರ್ಷ. ಯಜಮಾನರು ಹಾಸನಕ್ಕೆ ಹೋದವರು ದಾರಿ ಮುಚ್ಚಿ ಅಲ್ಲೇ ಉಳಿದಿದ್ದರು. ಕರೆಂಟು ಹೋಗಿ ಮೂರು ದಿನ, ಫೋನಿಗೆ ಸಿಗ್ನಲ್ ಇಲ್ಲ. ರಾತ್ರಿ ಎಂಟು ಗಂಟೆಗೆ ನಮ್ಮ ಅತ್ತೆಯವರಿಗೆ ಉಬ್ಬಸ ಜೋರಾಯಿತು. ಅವರ ಉಬ್ಬಸ ನನಗೆ ಹೊಸದಲ್ಲ. ಆದರೆ ಅವತ್ತು ತುಟಿ ನೀಲಿಗಟ್ಟಿದ್ದು ನೋಡಿ ಎದೆ ಧಸಕ್ಕೆಂದಿತು. ಅವರನ್ನು ಕಂಬಳಿಯಲ್ಲಿ ಸುತ್ತಿ, ಹೈಸ್ಕೂಲಿಗೆ ಹೋಗುವ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪು ಹೊರಡಿಸಿದೆ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರು ಮಣ್ಣಿನ ದಾರಿ. ಒಂದು ಕಿಲೋಮೀಟರು ಹೋಗಿಲ್ಲ, ಚೂಪುಗಲ್ಲು ಹೊಡೆದು ಮುಂದಿನ ಎಡಗಡೆ ಟೈರು ಕೂತಿತು. ಇಳಿದು ಸ್ಟೆಪ್ನಿ ಒತ್ತಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ! ಎಷ್ಟು ದಿನದಿಂದ ಇರಲಿಲ್ಲವೋ, ಯಾರು ನೋಡಿದವರು? ಗಾಳಿ ಇಲ್ಲದ ಟೈರಿನಲ್ಲೇ ಎಳೆದೆ. ಏರಿನ ಕೆಸರಿನಲ್ಲಿ ಟೈರು ರಿಮ್ಮಿನಿಂದ ಕಳಚಿ ಪಕ್ಕಕ್ಕೆ ವಾಲಿತು, ಅಲ್ಲಿಗೆ ಮುಗಿಯಿತು.

ಮಗ ಟಾರ್ಚು ಹಿಡಿದು ಆ ಮಳೆಯಲ್ಲಿ ರಸ್ತೆಗೆ ಓಡಿದ. ನಾನು ಅತ್ತೆಯವರನ್ನು ಎದೆಗೆ ಒರಗಿಸಿಕೊಂಡು ಕೂತೆ. ಮಗ ಒಂದು ಪಿಕಪ್ ಗಾಡಿಯವರನ್ನು ಕಾಡಿ ಬೇಡಿ ಕರೆತರುವ ಹೊತ್ತಿಗೆ ರಾತ್ರಿ ಹನ್ನೆರಡು ಕಳೆದಿತ್ತು. ನಾಲ್ಕು ಗಂಟೆ. ಅತ್ತೆಯವರು ಉಳಿದರು, ಈಗಲೂ ಇದ್ದಾರೆ, ಈ ಅಂಕಣ ಬರೆಯುವಾಗ ಪಕ್ಕದಲ್ಲೇ ಅವರೆಕಾಳು ಸುಲಿಯುತ್ತಿದ್ದಾರೆ. ಆದರೆ ಆ ನಾಲ್ಕು ಗಂಟೆ ನನ್ನೊಳಗಿನಿಂದ ಇನ್ನೂ ಹೋಗಿಲ್ಲ.

ಮಳೆ ಬಿಟ್ಟ ಮೇಲೆ ನಮ್ಮ ತೋಟದ ಹಳೇ ಡ್ರೈವರಣ್ಣನನ್ನು ಕರೆಸಿ, ಟೈರು ಬಿಚ್ಚಿ ಹಾಕೋದು ಹೇಳಿಕೊಡಿ ಅಂದೆ. ಅವರು ಮೊದಲು ನಕ್ಕರು. "ಅಮ್ಮಾ, ಅದು ಗಂಡಾಳಿನ ಕೆಲಸ, ಬಲ ಬೇಕು" ಅಂದರು. ಆಮೇಲೆ ಕಾಫಿ ಕಣದಲ್ಲಿ ಚಕ್ರ ಮಲಗಿಸಿ ತೋರಿಸುತ್ತಾ ತೋರಿಸುತ್ತಾ ಅವರ ಬಾಯಿಂದಲೇ ಬೇರೆ ಮಾತು ಬಂತು. "ಬಲ ಹಾಕಿದರೆ ಕೆಟ್ಟಿತು ಅಂತಲೇ ಲೆಕ್ಕ ಅಮ್ಮಾ. ಬಳೆಗಾರ ಬಳೆ ತೊಡಿಸ್ತಾನಲ್ಲ, ಹಾಗೆ."

ಇದೊಂದು ಮಾತು ತಿಳಿದರೆ ಉಳಿದದ್ದು ಸುಲಭ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಗಾಜಿನ ಬಳೆ ಹಿಗ್ಗೋದಿಲ್ಲ. ಕೈಯ ಗಿಣ್ಣು ಬಳೆಗಿಂತ ದಪ್ಪ. ಆದರೂ ಬಳೆ ಹೋಗುತ್ತದಲ್ಲ, ಹೇಗೆ? ಬಳೆಗಾರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಸೋಪಿನ ನೀರು ಸವರಿ, ಒಂದು ಪಕ್ಕ ಇಳಿಸಿ ಇನ್ನೊಂದು ಪಕ್ಕ ಜಾರಿಸುತ್ತಾನೆ. ಟೈರಿನ ಬಾಯಿಯೂ ಬಳೆಯೇ. ಅದರ ಅಂಚಿನೊಳಗೆ ಉಕ್ಕಿನ ತಂತಿ ಸುತ್ತಿರುತ್ತದೆ, ಆನೆ ಎಳೆದರೂ ಹಿಗ್ಗದು. ನಮ್ಮ ಜೀಪಿನ ಟೈರು 6.00-16, ಅಂದರೆ ಬಾಯಿ ಹದಿನಾರು ಇಂಚು. ರಿಮ್ಮಿನ ಅಂಚು ಅದಕ್ಕಿಂತ ಒಂದು ಇಂಚಿಗೂ ಮಿಗಿಲು ಅಗಲ. ಹಾಗಾದರೆ ಚಿಕ್ಕ ಬಾಯಿ ದೊಡ್ಡ ಅಂಚನ್ನು ದಾಟೋದು ಹೇಗೆ? ರಿಮ್ಮಿನ ನಡುಮಧ್ಯೆ ಸುತ್ತಲೂ ಒಂದು ಹಳ್ಳ ಇರುತ್ತದೆ. ಅದೇ ಮಡಿಸಿದ ಹೆಬ್ಬೆರಳು. ಟೈರಿನ ಅಂಚಿನ ಒಂದು ಪಕ್ಕ ಆ ಹಳ್ಳಕ್ಕೆ ಇಳಿದಿದ್ದರೆ ಎದುರು ಪಕ್ಕದಲ್ಲಿ ಸಡಿಲ ಸಿಗುತ್ತದೆ, ಅಂಚು ದಾಟುತ್ತದೆ. ಇಳಿಯದಿದ್ದರೆ ನೀವು ಹಾರೆ ಹಾಕಿ ಮೀಟಿದರೂ ದಾಟದು, ತಂತಿ ಮುರಿದು ಟೈರು ಹಾಳಾದೀತು ಅಷ್ಟೆ.

ಈಗ ಕೆಲಸಕ್ಕೆ ಬರೋಣ. ನಾನು ಹೇಳ್ತಿರೋದು ಟ್ಯೂಬು ಇರುವ, ಒಂದೇ ತುಂಡಿನ ಉಕ್ಕಿನ ರಿಮ್ಮಿನ ಜೀಪು ಚಕ್ರದ ಮಾತು ಮಾತ್ರ. ಬೇರೆಯವುಗಳ ಸಂಗತಿ ಆಮೇಲೆ.

ಮನೆಯಲ್ಲಿ ಇರಬೇಕಾದ್ದು ಎರಡು ಮೂರು ಟೈರ್ ಲಿವರ್, ವಾಲ್ವ್ ಪಿನ್ನು ಬಿಚ್ಚುವ ಚಿಕ್ಕ ಕೀಲಿ, ಕಾಲಿನಿಂದ ಒತ್ತುವ ಪಂಪು, ಗಾಳಿ ಅಳೆಯುವ ಗೇಜು, ಪ್ಯಾಚು, ಸಲ್ಯೂಷನ್ನು, ಒಂದು ತುಂಡು ಉಪ್ಪುಕಾಗದ. ಜಾಕು ಗಾಡಿಯಲ್ಲೇ ಇರುತ್ತದೆ. ಲಿವರಿನ ಬದಲು ಸ್ಕ್ರೂಡ್ರೈವರ್ ಸಾಕು ಅಂತ ಯಾರಾದರೂ ಅಂದರೆ ಕೇಳಬೇಡಿ. ಅದರ ಚೂಪು ತುದಿ ಟ್ಯೂಬಿಗೆ ಹೊಸ ತೂತು ಮಾಡಿಯೇ ತೀರುತ್ತದೆ.

ಮೊದಲು ಸ್ಟೆಪ್ನಿ ಹಾಕಿ ಜೀಪನ್ನು ನಾಲ್ಕು ಚಕ್ರದ ಮೇಲೆ ಸಮನೆಲದಲ್ಲಿ ನಿಲ್ಲಿಸಿ. ಬಿಚ್ಚಿದ ಚಕ್ರವನ್ನು ಕಣದಲ್ಲೋ ಅಂಗಳದಲ್ಲೋ ಹಳೇ ಗೋಣಿಚೀಲ ಹಾಸಿ ಮಲಗಿಸಿ. ವಾಲ್ವ್ ಪಿನ್ನು ತೆಗೆದು ಗಾಳಿ ಪೂರ್ತಿ ಬಿಡಬೇಕು. 'ಪಂಕ್ಚರ್ ಆಗಿದೆಯಲ್ಲ, ಗಾಳಿ ಎಲ್ಲಿದೆ' ಅಂತ ಉಡಾಫೆ ಬೇಡ, ಪಿನ್ನು ತೆಗೆಯಲೇಬೇಕು.

ಆಮೇಲೆ ಟೈರನ್ನು ರಿಮ್ಮಿನಿಂದ ಬಿಡಿಸೋದು. ವರ್ಷಗಟ್ಟಲೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಅಡಿ ಹತ್ತಿದ ಪಾಯಸದ ಪಾತ್ರೆ ಹಾಗೆ. ಅಂಗಡಿಯಲ್ಲಿ ಇದಕ್ಕೆ ಯಂತ್ರ ಇದೆ. ಮನೆಯಲ್ಲಿ ಜೀಪಿನ ಭಾರವೇ ಯಂತ್ರ. ಜೀಪಿನ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮಲಗಿಸಿದ ಚಕ್ರವನ್ನು ಹಿಂಬದಿಯ ಚಾಸಿಯ ಕೆಳಗೆ ತಳ್ಳಿ. ರಿಮ್ಮಿಗೆ ತಾಗಿದಂತೆ, ಆದರೆ ರಿಮ್ಮಿನ ಮೇಲೆ ಬಾರದಂತೆ, ಟೈರಿನ ಮೇಲೆ ಗಟ್ಟಿ ಹಲಗೆ ತುಂಡು ಇಟ್ಟು, ಅದರ ಮೇಲೆ ಜಾಕು ನಿಲ್ಲಿಸಿ ಚಾಸಿಗೆ ಕೊಟ್ಟು ಎತ್ತಿ. ಜಾಕು ಜೀಪನ್ನು ಎತ್ತಲು ಹೋಗುತ್ತದೆ, ಜೀಪು ಒಪ್ಪೋದಿಲ್ಲ, ಭಾರವೆಲ್ಲ ಟೈರಿನ ಮೇಲೆ ಬಿದ್ದು 'ಟಪ್' ಅಂತ ಅಂಚು ಇಳಿಯುತ್ತದೆ. ಒಂದೇ ಜಾಗದಲ್ಲಿ ಬಿಡದಿದ್ದರೆ ಚಕ್ರ ತಿರುಗಿಸಿ ಇನ್ನೊಂದು ಕಡೆ ಒತ್ತಿ. ಎರಡೂ ಮುಖ ಹೀಗೆ ಮಾಡಬೇಕು. ತಲೆ, ಕೈ ಯಾವುದೂ ಗಾಡಿಯ ಕೆಳಗಿರಬಾರದು. ಮಕ್ಕಳನ್ನು ಒಳಗೆ ಕಳಿಸಿಯೇ ಇದಕ್ಕೆ ಕೈ ಹಾಕಿ.

ಇನ್ನು ಸೋಪಿನ ನೀರು. ನಾನು ಅಂಟುವಾಳ ನೆನೆಸಿ ಕಿವುಚಿದ ನೊರೆ ಸವರುತ್ತೀನಿ. ಇಲ್ಲದಿದ್ದರೆ ಮೈ ಸೋಪಿನ ಚೂರುಗಳನ್ನು ಬಿಸಿನೀರಲ್ಲಿ ಕರಗಿಸಿ ಗಂಜಿ ಹಾಗೆ ಮಾಡಿಕೊಳ್ಳಿ. ಜಾರಲಿ ಅಂತ ಗ್ರೀಸು, ಇಂಜಿನ್ ಎಣ್ಣೆ, ಸೀಮೆಎಣ್ಣೆ ಹಚ್ಚುವವರಿದ್ದಾರೆ. ಅದು ರಬ್ಬರನ್ನು ತಿನ್ನುತ್ತದೆ. ಸೋಪು ಒಣಗಿ ಹಿಡಿದುಕೊಳ್ಳುತ್ತದೆ, ಎಣ್ಣೆ ಒಣಗುವುದೇ ಇಲ್ಲ, ಓಡುವಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ.

ರಿಮ್ಮಿನ ಹಳ್ಳ ಸರಿಯಾಗಿ ನಡುವೆ ಇರೋದಿಲ್ಲ, ಒಂದು ಮುಖಕ್ಕೆ ಹತ್ತಿರ ಇರುತ್ತದೆ. ಆ ಮುಖ ಮೇಲೆ ಬರುವ ಹಾಗೆ ಮಲಗಿಸಿ. ಇದನ್ನು ತಿಳಿಯದೆ ನಾನು ಮೊದಲ ಸಲ ಉಲ್ಟಾ ಮಲಗಿಸಿಕೊಂಡು ಒಂದು ಮಧ್ಯಾಹ್ನವೆಲ್ಲ ಒದ್ದಾಡಿದ್ದೆ! ವಾಲ್ವ್ ಇರುವ ಕಡೆ ಮೊದಲ ಲಿವರ್ ತೂರಿಸಿ, ಅದರ ಎದುರು ಪಕ್ಕವನ್ನು ಮಂಡಿಯಿಂದ ಒತ್ತಿ ಹಳ್ಳಕ್ಕೆ ಇಳಿಸಿ, ಆಮೇಲೆ ಮೀಟಿ. ನಾಲ್ಕು ಬೆರಳಿನಷ್ಟು ದೂರ ಬಿಟ್ಟು ಎರಡನೇ ಲಿವರ್. ದುರಾಸೆ ಬೇಡ, ಸ್ವಲ್ಪ ಸ್ವಲ್ಪವೇ. ಎರಡು ಮೂರು ಮೀಟಿಗೆ ಉಳಿದದ್ದು ಕೈಯಲ್ಲೇ ಬರುತ್ತದೆ. ಲಿವರನ್ನು ಮೀಟಿಟ್ಟು ಕೈ ಬಿಟ್ಟು ಏಳಬೇಡಿ. ಒಮ್ಮೆ ಹಾಲು ಉಕ್ಕಿತು ಅಂತ ನಾನು ಎದ್ದಾಗ ಲಿವರ್ ಸಿಡಿದು ಮೊಣಕೈಗೆ ಬಡಿದು, ಹದಿನೈದು ದಿನ ಚಪಾತಿ ಲಟ್ಟಿಸಲಾಗಲಿಲ್ಲ.

ಟ್ಯೂಬು ಎಳೆದು, ಸ್ವಲ್ಪ ಗಾಳಿ ತುಂಬಿ, ಹಂಡೆಯ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವಲ್ಲಿ ತೂತು. ಒರೆಸಿ, ಉಪ್ಪುಕಾಗದದಲ್ಲಿ ತಿಕ್ಕಿ, ಸಲ್ಯೂಷನ್ ತೆಳ್ಳಗೆ ಸವರಿ, ಅಂಟು ಒಣಗಿ ಕೈಗೆ ಹತ್ತದಂತಾದ ಮೇಲೆ ಪ್ಯಾಚು ಒತ್ತಬೇಕು. ಹಸಿಯಲ್ಲೇ ಅಂಟಿಸುವ ಆತುರ ಎಲ್ಲರಿಗೂ ಇರುತ್ತದೆ, ಅದಕ್ಕೇ ಪ್ಯಾಚು ಏಳೋದು. ತೂತು ಮುಚ್ಚಿದರೆ ಸಾಲದು, ಮಾಡಿದವನನ್ನು ಹಿಡಿಯಬೇಕು. ಟೈರಿನ ಒಳಗೆ ಹಳೇ ನೂಲಿನ ಸೀರೆಯ ಬಟ್ಟೆ ಸುತ್ತಲೂ ಎಳೆಯಿರಿ, ಮೊಳೆ ಮುಳ್ಳು ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುತ್ತದೆ.

ಹಾಕುವಾಗ ಟೈರಿನ ಒಳಗೆ, ಟ್ಯೂಬಿನ ಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ಧಾರಾಳವಾಗಿ ಉದುರಿಸಿ. (ಚಪಾತಿ ಹಿಟ್ಟು ಉದುರಿಸಬೇಡಿ, ಪಕ್ಕದ ಮನೆಯವರೊಬ್ಬರು ಉದುರಿಸಿದ್ದರು!) ಟ್ಯೂಬಿಗೆ ಸುಕ್ಕು ಬಿಡುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟು, ವಾಲ್ವನ್ನು ರಿಮ್ಮಿನ ತೂತಿನಲ್ಲಿ ನೇರವಾಗಿ ತೂರಿಸಿ. ಟೈರಿನ ಮೇಲೆ ಬಾಣದ ಗುರುತಿದ್ದರೆ ಅದು ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಲಿ. ವಾಲ್ವಿನ ಎದುರುಗಡೆಯಿಂದ ಶುರುಮಾಡಿ, ಮಂಡಿಯಿಂದ ಒತ್ತಿ ಹಳ್ಳಕ್ಕಿಳಿಸುತ್ತಾ, ಎರಡೂ ಕಡೆಯಿಂದ ಸಮನಾಗಿ ಬಂದು ವಾಲ್ವಿನ ಹತ್ತಿರ ಮುಗಿಸಬೇಕು. ವಾಲ್ವ್ ಇರುವಲ್ಲಿ ಟ್ಯೂಬು ದಪ್ಪ, ಅಲ್ಲಿ ಹಳ್ಳಕ್ಕೆ ಜಾಗವೇ ಇರೋದಿಲ್ಲ, ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳೋದು. ಕೊನೆಯ ಒಂದು ಗೇಣು ಬಿಗಿಯುತ್ತದೆ. ಆಗ ಎಲ್ಲರೂ ಮಾಡುವ ತಪ್ಪು, ಮೈಭಾರವೆಲ್ಲ ಲಿವರಿನ ಮೇಲೆ ಬಿಡೋದು. ನಾನೂ ಬಿಟ್ಟೆ. ಟೈರು ಕೂತಿತು, ಇನ್ನೂರು ಸಲ ಪಂಪು ತುಳಿದೆ, ಗಾಳಿ ನಿಲ್ಲಲಿಲ್ಲ. ಹೊಸ ಟ್ಯೂಬನ್ನು ಲಿವರಿನಿಂದ ನಾನೇ ಕಚ್ಚಿಸಿದ್ದೆ. ಬಿಗಿದರೆ ಎದ್ದು ಹೋಗಿ ಎದುರು ಪಕ್ಕ ನೋಡಿ, ಅದು ಹಳ್ಳದಿಂದ ಮೇಲೆದ್ದಿರುತ್ತದೆ. ಮತ್ತೆ ಒತ್ತಿ, ಇನ್ನಷ್ಟು ಸೋಪು ಸವರಿ ಬನ್ನಿ.

ಗಾಳಿ ತುಂಬುವಾಗ ಟೈರು ರಿಮ್ಮುಗಳ ಸಂದಿಯಲ್ಲಿ ಬೆರಳಿರಬಾರದು, ಮುಖ ಮೇಲೆ ಬಗ್ಗಿರಬಾರದು. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಹತ್ತಿರ ಒಂದು ಸಣ್ಣ ಗೆರೆ ಸುತ್ತಲೂ ಇರುತ್ತದೆ, ಅದು ಎಲ್ಲ ಕಡೆ ಒಂದೇ ಸಮ ಕಂಡರೆ ಸರಿಯಾಗಿ ಕೂತಿದೆ ಅಂತ ಅರ್ಥ. ಕೂರದಿದ್ದರೆ ಗಾಳಿ ಬಿಟ್ಟು, ಸೋಪು ಸವರಿ ಮತ್ತೆ ತುಂಬಿ. ಕೂರಲಿ ಅಂತ 40 ಪೌಂಡು ಮೀರಿ ಒತ್ತಲೇಬಾರದು. ಕೂತ ಮೇಲೆ ಒಮ್ಮೆ ಗಾಳಿ ಪೂರ್ತಿ ಬಿಟ್ಟು ಮತ್ತೆ ತುಂಬಿದರೆ ಟ್ಯೂಬಿನ ಮಡಿಕೆ ಬಿಡುತ್ತದೆ. ಕೊನೆಗೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಷ್ಟು ಇಟ್ಟುಕೊಳ್ಳಿ. ಚಕ್ರ ಜೀಪಿಗೆ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಕೆಲವು ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟುಗಳು ತಿರುವುಮುರುವು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ಬಿಚ್ಚಲು ಹೋದರೆ ಇನ್ನೂ ಬಿಗಿಯುತ್ತಲೇ ಇರ್ತೀರಿ.

ಇನ್ನು ಮಾಡಲೇಬಾರದ್ದು. ಸೋದರಿಯರೇ, ಈ ಭಾಗವನ್ನು ಎರಡು ಸಲ ಓದಿ.

ಲಾರಿ ಚಕ್ರಗಳಲ್ಲಿ ರಿಮ್ಮಿಗೆ ಬಿಡಿಯಾದ ಉಕ್ಕಿನ ರಿಂಗು ಇರುತ್ತದೆ. ಅದನ್ನು ಮನೆಯಲ್ಲಿ ಮುಟ್ಟಬೇಡಿ. ರಿಂಗು ಸರಿಯಾಗಿ ಕೂರದೆ ಗಾಳಿ ತುಂಬಿದರೆ ಗುಂಡಿನ ಹಾಗೆ ಹಾರುತ್ತದೆ, ಜೀವ ಹೋಗುತ್ತದೆ. ತಿಳಿದ ಅಂಗಡಿಯವರು ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬೋದು. ಹಳೇ ಮಿಲಿಟರಿ ಜೀಪುಗಳಲ್ಲಿ ಎರಡು ಹೋಳಿನ ರಿಮ್ಮನ್ನು ನಟ್ಟಿನಿಂದ ಜೋಡಿಸಿರುವುದುಂಟು. ಗಾಳಿ ಇರುವಾಗ ಆ ನಟ್ಟು ಸಡಿಲಿಸಿದರೂ ಅದೇ ಗತಿ. ಟ್ರಾಕ್ಟರಿನ ಹಿಂದಿನ ಚಕ್ರಕ್ಕೂ ಕೈ ಹಾಕಬೇಡಿ, ಭಾರಕ್ಕೆಂದು ಅದರೊಳಗೆ ನೀರು ತುಂಬಿಸಿರುತ್ತಾರೆ, ಮೈಮೇಲೆ ಬಿದ್ದರೆ ಎತ್ತಲು ನಾಲ್ಕಾಳು ಸಾಲದು.

ಈಗಿನ ಹೊಸ ಜೀಪುಗಳಿಗೆ ಬರುವುದು ಟ್ಯೂಬ್‌ಲೆಸ್. ಅದಕ್ಕೆ ಮೊಳೆ ಚುಚ್ಚಿದರೆ ಬತ್ತಿ ತೂರಿಸಿ ಮುಚ್ಚುವ ಸಾಮಾನು ಸಿಗುತ್ತದೆ, ಅದನ್ನು ಹೆಂಗಸರು ಧಾರಾಳವಾಗಿ ಮಾಡಬಹುದು. ಆದರೆ ರಿಮ್ಮಿನಿಂದ ಬಿಚ್ಚಿದ ಟ್ಯೂಬ್‌ಲೆಸ್ ಟೈರನ್ನು ಮತ್ತೆ ಕೂರಿಸಲು ಒಮ್ಮೆಲೇ ಬಹಳ ಗಾಳಿ ನುಗ್ಗಬೇಕು, ಕಾಲುಪಂಪಿಗೆ ಅದು ಆಗದ ಮಾತು. ಟೈರಿನ ನಡುವಿಗೆ ಹಗ್ಗ ಸುತ್ತಿ, ಕೋಲು ಕೊಟ್ಟು ತಿರುಚಿ ಅಂಚುಗಳನ್ನು ಹೊರಕ್ಕೆ ಉಬ್ಬಿಸಿ ಕೂರಿಸುವ ಉಪಾಯವೊಂದಿದೆ. ನಾನು ಒಮ್ಮೆ ಪ್ರಯತ್ನಿಸಿದೆ, ಕಾಲು ನೋವೊಂದೇ ಲಾಭ. ಕೆಲವು ಹುಡುಗರು ಪೆಟ್ರೋಲು ಚಿಮುಕಿಸಿ ಬೆಂಕಿ ಕಡ್ಡಿ ಗೀರಿ 'ಡಬ್' ಅನ್ನಿಸಿ ಕೂರಿಸ್ತಾರೆ. ಮೊಬೈಲಿನಲ್ಲಿ ಅದರ ಚಿತ್ರ ನೋಡಿ ನನ್ನ ಮಗನೂ ಒಮ್ಮೆ ಪೆಟ್ರೋಲ್ ಬಾಟಲಿ ಹಿಡಿದು ಅಂಗಳಕ್ಕೆ ಬಂದಿದ್ದ. ಜೀವಮಾನದಲ್ಲಿ ಅವನಿಗೆ ಕೈ ಎತ್ತದವಳು ಅವತ್ತು ಎತ್ತಿದೆ. ಟೈರು ಸಿಡಿದರೆ ಮುಖ ಕಣ್ಣು ಏನೂ ಉಳಿಯದು. ನಿಮ್ಮ ಮನೆಯ ಗಂಡುಮಕ್ಕಳಿಗೆ ಇದನ್ನು ಓದಿ ಹೇಳಿ.

ಟೈರು ಕೊಳ್ಳುವಾಗಲೂ ಒಂದು ನೋಡಿಕೊಳ್ಳಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಅಂತ ಇದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೊಸದು ಅಂತ ಹೇಳಿ ಐದು ವರ್ಷ ಗೋಡೆಗೆ ಒರಗಿದ್ದನ್ನು ಕೊಡೋರೂ ಇದ್ದಾರೆ. ಬೇಳೆಯಲ್ಲಿ ಹುಳ ನೋಡ್ತೀವಿ, ಇದನ್ನೂ ನೋಡೋಣ.

2022ರ ಜುಲೈ, ಪುಷ್ಯ ಮಳೆ. ಮತ್ತೆ ಅದೇ ಏರು, ಮತ್ತೆ ಪಂಕ್ಚರ್. ಈ ಸಲ ಸ್ಟೆಪ್ನಿಯಲ್ಲಿ ಗಾಳಿ ಇತ್ತು. ಉಂಬಳ ಕಚ್ಚಿಸಿಕೊಂಡು ಅರ್ಧ ಗಂಟೆಯಲ್ಲಿ ಚಕ್ರ ಬದಲಾಯಿಸಿ ಮನೆಗೆ ಬಂದೆ. ಮಾರನೇ ದಿನ ಕೊಟ್ಟಿಗೆಯ ಚಪ್ಪರದ ಕೆಳಗೆ ಕೂತು ಟ್ಯೂಬಿಗೆ ಪ್ಯಾಚು ಹಾಕಿ, ಟೈರು ತೊಡಿಸಿದೆ. ಎರಡೂವರೆ ಗಂಟೆ ಹಿಡಿಯಿತು. ಅಂಗಡಿಯವರಿಗೆ ಇಪ್ಪತ್ತು ನಿಮಿಷದ ಕೆಲಸ, ಇರಲಿ. ಯಜಮಾನರು ಊರಿಂದ ಬಂದು ನೋಡಿ, "ಸರಿಯಾಗಿ ಕೂತಿದೆಯೇನೇ?" ಅಂತ ಚಕ್ರಕ್ಕೆ ಕಾಲಲ್ಲಿ ಎರಡು ಸಲ ಒದ್ದು ನೋಡಿದರು. ಮೂರನೇ ಸಲ ಒದೆಯಲಿಲ್ಲ. ಅತ್ತೆಯವರು ಮಾತ್ರ ಅವತ್ತಿನಿಂದ ಪ್ರತಿ ಭಾನುವಾರ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಸ್ಟೆಪ್ನಿ ಒತ್ತಿ ನೋಡಿದ್ಯಾ?" ಅಂತ ಕೇಳ್ತಾರೆ. ಗೇಜು ಹಿಡಿದು ಹೋಗಿ ನೋಡಿ ಬರ್ತೀನಿ.

ಕೊಪ್ಪದ ಸೋದರಿಗೆ ಒಂದು ಮಾತು. ಮೊದಲ ಸಲ ಮಳೆಗಾಲದಲ್ಲಿ, ಅವಸರದಲ್ಲಿ ಮಾಡಬೇಡಿ. ಬೇಸಿಗೆಯಲ್ಲಿ ಒಂದು ದಿನ, ಬಲ್ಲವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹಳೇ ಸವೆದ ಟೈರಿನ ಮೇಲೆ ಎರಡು ಸಲ ಬಿಚ್ಚಿ ಹಾಕಿ ನೋಡಿ. ಅಂಗೈಗೆ ಹತ್ತಿದ ಕಪ್ಪು ಸೋಪಿಗೆ ಹೋಗೋದಿಲ್ಲ. ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಕಡಲೆಹಿಟ್ಟಿನಲ್ಲಿ ತಿಕ್ಕಿ ತೊಳೆಯಿರಿ. ಉಗುರಿನ ಸಂದಿಗೆ ಅರ್ಧ ನಿಂಬೆಹೋಳು.